ಕಷ್ಟಕಾಲದ ನಂಬಿಕೆ: ಶರಣರಿಂದ ದಾಸರವರೆಗೆ

ಪುರಂದರದಾಸರ ಅಂಕಿತದಲ್ಲಿ ಹೆಸರುವಾಸಿಯಾದ ಎರಡು ಕೀರ್ತನೆಗಳಿವೆ. ಒಂದರಲ್ಲಿ ದಾಸರು ತಮ್ಮ ಬಾಳಿನಲ್ಲಿ ನಡೆದುದೆಲ್ಲ ಹಿತಕ್ಕೇ ನಡೆಯಿತೆಂದು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ಇನ್ನೊಂದರಲ್ಲಿ ದೇವರನ್ನು ಎದುರಿಗೆ ನಿಲ್ಲಿಸಿಕೊಂಡು, ನಿನ್ನನ್ನು ಕರುಣಾಳುವೆಂದು ಯಾತಕ್ಕೆ ಹೊಗಳುತ್ತಾರೋ, ನನಗಂತೂ ನೆಚ್ಚಿಕೆಯಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೆ. ಹಿಂದೆ ಯಾರು ಯಾರನ್ನೋ ಕಾಪಾಡಿದನೆಂಬ ಕೀರ್ತಿ ಬರಿಯ ಬಿರುದಾಗಿ ಉಳಿದಿದೆ, ನಿಜವಾಗಿದ್ದರೆ ಈಗಲೇ ಬಂದು ಕೈ ಹಿಡಿಯಲಿ ಎಂಬ ಸವಾಲು ಅಲ್ಲಿದೆ. ಮೊದಲನೆಯದನ್ನು ಭಜನೆಯ ಮನೆಗಳಲ್ಲಿ ಭಕ್ತಿಯ ಸಾರವೆಂದು ಹಾಡುತ್ತಾರೆ. ಎರಡನೆಯದನ್ನು ನಿಂದಾಸ್ತುತಿಯ ಲೆಕ್ಕಕ್ಕೆ ಸೇರಿಸಿ, ಅದೊಂದು ಮಾತಿನ ಚಮತ್ಕಾರವೆಂಬಂತೆ ಮುಂದೆ ಸಾಗುತ್ತಾರೆ. ಹಾಗೆ ಸಾಗಿದರೆ ಮೊದಲನೆಯ ಕೀರ್ತನೆಯ ಅರ್ಥವೂ ಕೈತಪ್ಪುತ್ತದೆ ಎಂಬುದು ಈ ಲೇಖನದ ವಾದ. ಸಂಕಟದಲ್ಲಿ ದೇವರ ಒಳ್ಳೆಯತನವನ್ನು ನಂಬುವ ಮಾತನ್ನು ನಮ್ಮ ಭಕ್ತಕವಿಗಳು ಯಾರ ಬಾಯಲ್ಲಿ ಆಡಿಸಿದರು, ಯಾರನ್ನು ಕುರಿತು ಆಡಿದರು ಎಂಬುದನ್ನು ಗಮನಿಸಿದರೆ ಈ ಎರಡೂ ಹಾಡುಗಳು ಒಂದೇ ನಂಬಿಕೆಯ ಎರಡು ಹೊತ್ತುಗಳೆಂದು ಕಾಣುತ್ತದೆ.

ಶಾಸ್ತ್ರದಲ್ಲಿ ಪ್ರಶ್ನೆ ಹಳೆಯದು. ಲೋಕದಲ್ಲಿ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಇರುವಾಗ ದೇವರಿಗೆ ಪಕ್ಷಪಾತದ, ನಿರ್ದಯತೆಯ ದೋಷ ಬರುವುದಿಲ್ಲವೇ ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದ ಕೇಳುತ್ತದೆ. ಜೀವರ ಕರ್ಮವನ್ನು ನೋಡಿ ಫಲ ಕೊಡುವುದರಿಂದ ದೋಷವಿಲ್ಲ ಎಂಬುದು ಸೂತ್ರದ ಉತ್ತರ. ಮಳೆ ಎಲ್ಲ ಬೀಜಗಳ ಮೇಲೂ ಸಮನಾಗಿ ಬೀಳುತ್ತದೆ, ಬತ್ತ ಬತ್ತವಾಗಿ, ಜವೆ ಜವೆಯಾಗಿ ಮೊಳೆಯುವುದಕ್ಕೆ ಬೀಜವೇ ಕಾರಣ ಎಂದು ಶಂಕರಾಚಾರ್ಯರು ಇದನ್ನು ವಿವರಿಸಿದರು. ದಾಸರಿಗೆ ಗುರುಪರಂಪರೆಯಾದ ಮಧ್ವಮತವೂ ಕರ್ಮದ ನೆಲೆಯಲ್ಲಿಯೇ, ಜೀವಸ್ವಭಾವವನ್ನು ಅದಕ್ಕೆ ಕೂಡಿಸಿ, ದೇವರ ನಿರ್ದೋಷತ್ವವನ್ನು ಕಾಪಾಡುತ್ತದೆ. ಇದು ತರ್ಕಕ್ಕೆ ತಕ್ಕ ಉತ್ತರ. ಆದರೆ ಮಗುವನ್ನು ಕಳೆದುಕೊಂಡ ಮನೆಯ ಜಗಲಿಯ ಮೇಲೆ ಕುಳಿತು ಈ ಉತ್ತರವನ್ನು ಹೇಳುವ ಎದೆ ಯಾರಿಗೂ ಇರಲಾರದು. ಭಕ್ತಿಯ ಹಾಡು ಹುಟ್ಟಿದ್ದು ಆ ಜಗಲಿಯ ಮೇಲೆ.

ಭಾಗವತಪುರಾಣ ಇಲ್ಲಿ ಸೇತುವೆಯ ಕೆಲಸ ಮಾಡಿತು. ಅದರ ಮೊದಲ ಸ್ಕಂಧದಲ್ಲಿ, ಯುದ್ಧ ಮುಗಿದು ಕೃಷ್ಣ ದ್ವಾರಕೆಗೆ ಹೊರಟಾಗ, ಕುಂತಿ ಅವನಲ್ಲಿ ಬೇಡುವುದು ಆಪತ್ತುಗಳನ್ನು. ಆಪತ್ತಿನಲ್ಲಲ್ಲವೇ ನೀನು ಕಾಣಿಸಿಕೊಂಡದ್ದು, ಆದ್ದರಿಂದ ಅವು ಮತ್ತೆ ಮತ್ತೆ ಬರಲಿ ಎನ್ನುತ್ತಾಳೆ. ಅರಗಿನ ಮನೆ, ವನವಾಸ, ಮೊಮ್ಮಕ್ಕಳ ಸಾವು ಎಲ್ಲವನ್ನೂ ಕಂಡ ಹೆಣ್ಣಿನ ಮಾತಿದು. ಹತ್ತನೆಯ ಸ್ಕಂಧದ ಕೊನೆಯ ಭಾಗದಲ್ಲಿ ಕೃಷ್ಣನೇ, ತಾನು ಅನುಗ್ರಹಿಸುವವನ ಸಂಪತ್ತನ್ನು ಮೆಲ್ಲಮೆಲ್ಲನೆ ಕಿತ್ತುಕೊಳ್ಳುತ್ತೇನೆಂದು ಹೇಳುತ್ತಾನೆ. ಸಂಪತ್ತು ಕಳೆದುಕೊಂಡ ಭಕ್ತರ ಕಥೆಗಳಿಗೆಲ್ಲ ಹಿಂದೆ ನಿಂತ ಮಾತು ಇದು.

ಕನ್ನಡದಲ್ಲಿ ಈ ವಿಚಾರದ ಹಳೆಯ ನೆಲೆ ವಚನಗಳಲ್ಲಿದೆ. ಮುದನೂರಿನ ನೇಕಾರ ಜೇಡರ ದಾಸಿಮಯ್ಯ ಬಸವಣ್ಣನವರಿಗಿಂತ ಹಿಂದಿನವನೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಅವನ ಒಂದು ವಚನದಲ್ಲಿ ಶಿವ ತನ್ನ ಭಕ್ತನನ್ನು ಭಿಕ್ಷೆ ಬೇಡುವಂತೆ ಮಾಡುತ್ತಾನೆ, ಚಿನ್ನದಂತೆ ಒರೆಗೆ ಹಚ್ಚುತ್ತಾನೆ, ಗಂಧದಂತೆ ಅರೆಯುತ್ತಾನೆ, ಕಬ್ಬಿನಂತೆ ಕಡಿದು ನೋಡುತ್ತಾನೆ. ಹೆದರದೆ ನಿಂತವನನ್ನು ಕೊನೆಗೆ ಕೈಹಿಡಿದು ಎತ್ತಿಕೊಳ್ಳುತ್ತಾನೆ. ಅಕ್ಕಮಹಾದೇವಿಯ ವಚನವೊಂದರಲ್ಲಿಯೂ ಕೊರೆದು ತೇಯ್ದ ಗಂಧವಿದೆ, ಗಾಣಕ್ಕೆ ಬಿದ್ದ ಕಬ್ಬಿದೆ. ಉಪಮೆಗಳು ಒಂದೇ, ಆದರೆ ಒತ್ತು ಬೇರೆ. ದಾಸಿಮಯ್ಯನಲ್ಲಿ ಕೆಲಸ ಮಾಡುತ್ತಿರುವವನು ದೇವರು, ಅವನು ಪರೀಕ್ಷಕ. ಅಕ್ಕನಲ್ಲಿ ಕಣ್ಣು ಇರುವುದು ಗಂಧದ ಮೇಲೆ. ತೇಯ್ದರೆಂದು ಗಂಧ ಕಂಪನ್ನು ಬಿಡುವುದಿಲ್ಲ, ನೀನು ಕೊಂದರೂ ನಾನು ಒಲವನ್ನು ಬಿಡುವುದಿಲ್ಲ ಎಂದು ಚೆನ್ನಮಲ್ಲಿಕಾರ್ಜುನನಿಗೆ ನೇರವಾಗಿ ಹೇಳುವ ಧೈರ್ಯ ಅವಳದು. ಇಲ್ಲಿ ಕಷ್ಟಕ್ಕೆ ಕಾರಣವನ್ನು ಹುಡುಕುವ ಗೋಜೇ ಇಲ್ಲ, ಕೊನೆಗೆ ಎತ್ತಿಕೊಳ್ಳುತ್ತಾನೆಂಬ ಫಲದ ನಿರೀಕ್ಷೆಯೂ ಇಲ್ಲ. ನನ್ನ ದೃಷ್ಟಿಯಲ್ಲಿ ಕನ್ನಡದ ಭಕ್ತಿಸಾಹಿತ್ಯದಲ್ಲಿ ಇದಕ್ಕಿಂತ ಎತ್ತರದ ನಂಬಿಕೆಯ ಮಾತು ಇನ್ನೊಂದಿಲ್ಲ.

ಶರಣರ ಕಥೆಗಳನ್ನು ಬರೆದವರಿಗೆ ಈ ಎತ್ತರ ಸಾಲದಾಯಿತೇನೋ, ಅವರು ಫಲವನ್ನು ಸೇರಿಸಿದರು. ದಾಸಿಮಯ್ಯ ಬಹುಕಾಲ ನೇಯ್ದ ಬಟ್ಟೆಯನ್ನು ಜಂಗಮ ವೇಷದ ಶಿವ ಹರಿದುಹಾಕಿದ, ನೇಕಾರ ಸಿಟ್ಟಾಗಲಿಲ್ಲ, ಮೆಚ್ಚಿದ ಶಿವ ಎಂದೂ ಮುಗಿಯದ ತವನಿಧಿಯನ್ನು ಕೊಟ್ಟ ಎಂಬುದು ಪ್ರಸಿದ್ಧ ಕಥೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಇದಕ್ಕಿಂತ ಗಟ್ಟಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸುತ್ತಾಳೆ. ತನ್ನ ಬಡತನದ ಬಗ್ಗೆ ಮಾತಾಡುವ ಅಧಿಕಾರ ಲಕ್ಕಮ್ಮನಿಗಿತ್ತು. ಬೇರೊಬ್ಬ ಸಿರಿವಂತ ಅದೇ ಮಾತನ್ನು ಅವಳಿಗೆ ಹೇಳಿದ್ದರೆ ಅದು ವಚನವಾಗುತ್ತಿರಲಿಲ್ಲ.

ಈಗ ಪುರಂದರದಾಸರಿಗೆ ಬರೋಣ. 1564ರಲ್ಲಿ, ರಕ್ಕಸತಂಗಡಿಯ ಯುದ್ಧಕ್ಕೆ ಒಂದು ವರ್ಷ ಮೊದಲು, ಅವರು ತೀರಿಕೊಂಡರೆಂದು ಸಂಪ್ರದಾಯ ಹೇಳುತ್ತದೆ. ಹಂಪಿಯ ವಿಠಲ ದೇವಾಲಯದ ಬಳಿ ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಮಂಟಪವಿದೆ. ನವಕೋಟಿ ನಾರಾಯಣನೆನಿಸಿದ ಜಿಪುಣ ವ್ಯಾಪಾರಿ ಶ್ರೀನಿವಾಸನಾಯಕ, ಹೆಂಡತಿ ದಾನ ಕೊಟ್ಟ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಸರ್ವಸ್ವವನ್ನೂ ಬಿಟ್ಟು ವ್ಯಾಸರಾಯರ ಶಿಷ್ಯನಾದ ಕಥೆ ಮನೆಮಾತು. ಮೂಗುತಿಯ ಕಥೆಯನ್ನು ಅಕ್ಷರಶಃ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಆದುದೆಲ್ಲ ಒಳಿತೆನ್ನುವ ಕೀರ್ತನೆಯಲ್ಲಿ ತಮ್ಮ ಕೈಗೆ ದಂಡಿಗೆ ಹಿಡಿಸಿದ ಹೆಂಡತಿಯನ್ನು ದಾಸರು ಬಾಯ್ತುಂಬ ಹರಸುತ್ತಾರೆ. ಆ ಹರಕೆಯನ್ನು ಬಿಟ್ಟರೆ ಅಲ್ಲಿಯ ಮುಖ್ಯ ಕ್ರಿಯಾಪದಗಳು ಭೂತಕಾಲದವು. ಮುಂದೆ ಒಳ್ಳೆಯದಾಗುತ್ತದೆಂಬ ಆಶ್ವಾಸನೆ ಅಲ್ಲಿಲ್ಲ. ದಾಟಿ ಬಂದವನು ತಿರುಗಿ ನೋಡಿ ಕೊಟ್ಟ ಸಾಕ್ಷ್ಯ ಅದು. ಸವಾಲಿನ ಕೀರ್ತನೆಯಾದರೋ ಇನ್ನೂ ನಡುನೀರಿನಲ್ಲಿ ಇರುವವನದು, ಅದಕ್ಕೇ ಅಲ್ಲಿ ಈಗಲೇ ಎಂಬ ಅವಸರ. ಎರಡನ್ನೂ ಒಬ್ಬನೇ ಹಾಡಿದನೆಂದು ಪರಂಪರೆ ನಂಬಿ ಉಳಿಸಿಕೊಂಡಿತು. ಕಂಠಸ್ಥವಾಗಿ ಹರಿದುಬಂದ ಈ ಪದಗಳಲ್ಲಿ ಹಲವನ್ನು 19ನೇ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅಚ್ಚು ಹಾಕಿಸಿದರು. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು, ಬೆಂಗಳೂರಿನ ಸುಬೋಧ ರಾಮರಾಯರು, ರಾಯಚೂರು ಸೀಮೆಯ ಗೊರೆಬಾಳ ಹನುಮಂತರಾಯರು ಆ ಕೆಲಸವನ್ನು ಮುಂದುವರಿಸಿದರು. ಯಾವ ಹಾಡು ಯಾವ ವರ್ಷದ್ದೆಂದು ನಿರ್ಣಯಿಸುವುದು ಇಂಥ ಸಾಹಿತ್ಯದಲ್ಲಿ ಆಗದ ಮಾತು. ಆದರೆ ದೇವರೊಡನೆ ಜಗಳವಾಡುವ ಹಾಡುಗಳನ್ನು ಸಮುದಾಯ ಬಿಸಾಡದೆ ಹಾಡುತ್ತಲೇ ಬಂದಿತೆಂಬುದು ಗಟ್ಟಿಯಾದ ಐತಿಹಾಸಿಕ ಸಂಗತಿ.

ಇದೇ ಜೋಡಿ ಮರಾಠಿಯ ತುಕಾರಾಮರಲ್ಲಿ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ. ಜ್ಞಾನೇಶ್ವರರ ಅಭಂಗವೊಂದು ಪಂಢರಪುರದ ವಿಠಲನನ್ನು ಕನ್ನಡಿಗನೆಂದೇ ಕರೆದಿದೆ, ಹಾಗಾಗಿ ಈ ಹೋಲಿಕೆ ದೂರದ್ದಲ್ಲ. ದೇಹುವಿನ ತುಕಾರಾಮರದೂ ವ್ಯಾಪಾರದ ಮನೆ. 1630ರಿಂದ 1632ರವರೆಗೆ ಗುಜರಾತಿಗೂ ದಖ್ಖನ್ನಿಗೂ ಭೀಕರ ಬರ ಬಡಿಯಿತು. ಶಾಹಜಹಾನನ ಆಸ್ಥಾನದ ಚರಿತ್ರಕಾರ ಅಬ್ದುಲ್ ಹಮೀದ್ ಲಾಹೋರಿ ಅದನ್ನು ದಾಖಲಿಸಿದ್ದಾನೆ. ಆ ಬರದಲ್ಲಿ ತುಕಾರಾಮರ ಅಂಗಡಿ ಮುಳುಗಿತು. ಮೊದಲ ಹೆಂಡತಿ ಅನ್ನ ಅನ್ನ ಎನ್ನುತ್ತ ಸತ್ತಳೆಂದು ಅವರೇ ಆತ್ಮಕಥನದ ಅಭಂಗದಲ್ಲಿ ಹೇಳಿಕೊಂಡಿದ್ದಾರೆ, ನಾಚಿಕೆ ಮತ್ತು ದುಃಖದಲ್ಲಿ ಬೆಂದುಹೋದೆನೆಂದೂ ಸೇರಿಸಿದ್ದಾರೆ. ಇನ್ನೊಂದು ಅಭಂಗದಲ್ಲಿ ಅದೇ ದಿವಾಳಿಯನ್ನು, ಅದೇ ಬರವನ್ನು, ಜನರ ಮುಂದೆ ಆದ ಅವಮಾನವನ್ನು, ಎರಡನೆಯ ಹೆಂಡತಿಯ ಜಗಳವನ್ನು ಸೇರಿಸಿ, ಇವೆಲ್ಲ ಬಂದದ್ದು ಒಳ್ಳೆಯದಾಯಿತು, ಅದರಿಂದ ನಿನ್ನ ಪಾದಕ್ಕೆ ಬಂದೆ ಎಂದು ವಿಠಲನಿಗೆ ಹೇಳುತ್ತಾರೆ. ಎರಡು ಶತಮಾನಗಳ, ಎರಡು ಭಾಷೆಗಳ ಇಬ್ಬರು ವರ್ತಕರು, ಒಬ್ಬನೇ ವಿಠಲ, ಇಬ್ಬರ ಹಾಡಿನಲ್ಲೂ ಹೆಂಡತಿಗೆ ಸಲ್ಲುವ ಋಣ. ತುಕಾರಾಮರಲ್ಲಿ ದುಃಖದ ಅಭಂಗ ಕೃತಜ್ಞತೆಯ ಅಭಂಗವನ್ನು ಸುಳ್ಳು ಮಾಡುವುದಿಲ್ಲ. ದುಃಖವನ್ನು ಮುಚ್ಚಿಡದವನಾದ್ದರಿಂದಲೇ ಅವನ ಕೃತಜ್ಞತೆಯನ್ನು ನಾವು ನಂಬುತ್ತೇವೆ.

ಕನಕದಾಸರದು ಮೂರನೆಯ ದಾರಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಇವರು ದಂಡನಾಯಕರಾಗಿದ್ದವರೆಂದೂ ಯುದ್ಧದಲ್ಲಿ ಸಾವಿನ ಬಾಯಿಗೆ ಹೋಗಿ ಬಂದವರೆಂದೂ ಪ್ರತೀತಿ. ತಳಮಳಿಸಬೇಡವೆಂದು ಸಮಾಧಾನ ಹೇಳುವ ಅವರ ಕೀರ್ತನೆ ಕನ್ನಡಿಗರ ಕಷ್ಟಕಾಲದ ಹಾಡೇ ಆಗಿಹೋಗಿದೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಒದಗಿಸಿದವರು ಯಾರು ಎಂಬ ಅದರ ಪ್ರಶ್ನೆಗಳು ಕೆರೆ, ಕಟ್ಟೆ, ಮಳೆಯನ್ನು ನೆಚ್ಚಿ ಬದುಕಿದ ಸೀಮೆಯಿಂದ ಬಂದವು. ಆ ಹಾಡು ಯಾರನ್ನು ಉದ್ದೇಶಿಸಿದೆ ಎಂಬುದನ್ನು ಕೇಳುಗರು ಸಾಮಾನ್ಯವಾಗಿ ಮರೆಯುತ್ತಾರೆ. ಕನಕದಾಸರು ತಾಳ್ಮೆ ಹೇಳುತ್ತಿರುವುದು ತಮ್ಮ ಮನಸ್ಸಿಗೆ. ಕುಲದ ಹೆಸರಿನಲ್ಲಿ ಹೊಡೆದಾಡುವವರ ಎದುರು ನಿಂತಾಗ ಅವರ ದನಿಯೇ ಬೇರೆ. ಆ ಅವಮಾನವನ್ನು ದೇವರ ಪರೀಕ್ಷೆಯೆಂದು ಅವರು ಸಹಿಸಿಕೊಳ್ಳುವುದಿಲ್ಲ, ಕುಲದ ನೆಲೆ ಯಾವುದೆಂದು ಬಲ್ಲಿರಾ ಎಂದು ಮನುಷ್ಯರನ್ನೇ ಹಿಡಿದು ಕೇಳುತ್ತಾರೆ. ಮಳೆ ಬಾರದ ಸಂಕಟ ಒಂದು, ಮನುಷ್ಯ ಮನುಷ್ಯನಿಗೆ ಕೊಡುವ ಸಂಕಟ ಇನ್ನೊಂದು. ಎರಡಕ್ಕೂ ಒಂದೇ ಸಮಾಧಾನ ಹೇಳದಿರುವ ವಿವೇಕ ಕನಕದಾಸರಲ್ಲಿತ್ತು.

ಅವರ ರಾಮಧಾನ್ಯಚರಿತೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಹೊಸ ಬೆಳಕು ಬೀಳುತ್ತದೆ. ಬತ್ತವೂ ನರೆದಲೆಗವೂ, ಎಂದರೆ ನಮ್ಮ ರಾಗಿಯೂ, ರಾಮನ ಎದುರಿಗೆ ಮೇಲುಕೀಳಿನ ಜಗಳವಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬತ್ತ ಸತ್ವಗೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಬಡವರನ್ನು ಕಣ್ಣೆತ್ತಿ ನೋಡದ ಧಾನ್ಯ ನೀನು, ಮಳೆ ಹೋಗಿ ಬರ ಬಂದಾಗ ಜೀವ ಉಳಿಸುವವನು ನಾನು ಎಂದು ರಾಗಿ ಬತ್ತಕ್ಕೆ ಹೇಳುವ ಮಾತು ಕಾವ್ಯದ ನಡುಗಂಬ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದ ರಾಗಿಯ ಗುಣ ರೈತನಿಗೆ ಗೊತ್ತೇ ಇದೆ. ದೇವರು ಎಲ್ಲರನ್ನೂ ಸಲಹುತ್ತಾನೆಂಬ ಕೀರ್ತನೆಯ ಮಾತು ಇಲ್ಲಿ ಒಂದು ಕಾಳಿನ ರೂಪ ತಾಳಿದೆ.

ದಾಸರು ಇತರರಿಗೆ ಉಪದೇಶ ಮಾಡಲಿಲ್ಲವೇ, ಮಾಡಿದ್ದನ್ನು ಉಣ್ಣಬೇಕೆಂದು ಎಚ್ಚರಿಸಲಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಎಚ್ಚರಿಸಿದ್ದಾರೆ. ಆದರೆ ಅವು ತಪ್ಪುದಾರಿಯಲ್ಲಿ ನಡೆವವನನ್ನು ತಡೆಯುವ ಪದಗಳು, ಹಸಿದು ಬಿದ್ದವನನ್ನು ಸಂತೈಸುವ ಪದಗಳಲ್ಲ. ನೊಂದವನು ಎದುರಿಗೆ ಇದ್ದಾಗ ಪರಂಪರೆ ಏನು ಮಾಡಿತೆಂಬುದಕ್ಕೆ ಎರಡು ಕಥೆಗಳಿವೆ. ಜಗನ್ನಾಥದಾಸರು ಉದರಶೂಲೆಯಿಂದ ನರಳುತ್ತ ಬಂದಾಗ ಗೋಪಾಲದಾಸರು ಇದೆಲ್ಲ ನಿನ್ನ ಒಳ್ಳೆಯದಕ್ಕೆ ಎನ್ನಲಿಲ್ಲ. ಧನ್ವಂತರಿಯನ್ನು ಹಾಡಿ ಬೇಡಿದರು, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಶಿಷ್ಯನಿಗೆ ಕೊಟ್ಟರು ಎಂದು ದಾಸಕೂಟ ನೆನೆಯುತ್ತದೆ. ಇನ್ನೊಂದು ಮಂಗಳವೇಢೆಯ ಕಥೆ. ಕಳಚುರಿ ಬಿಜ್ಜಳನ ಆ ಹಳೆಯ ನೆಲೆಯಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಅಧಿಕಾರಿಯಾಗಿದ್ದ ದಾಮಾಜಿ ಬರದಲ್ಲಿ ಸರ್ಕಾರದ ಕಣಜವನ್ನೇ ಹಸಿದವರಿಗೆ ತೆರೆದ. ವಿಠಲ ಮಹಾರನ ವೇಷದಲ್ಲಿ ಬೀದರಿಗೆ ಹೋಗಿ ಆ ಧಾನ್ಯದ ಹಣವನ್ನು ಕಟ್ಟಿದನೆಂದು ಮಹಿಪತಿ 1762ರ ಭಕ್ತವಿಜಯದಲ್ಲಿ ಬರೆದ. ದೇವರು ಬಂದದ್ದು ಕಣಜದ ಬಾಗಿಲು ತೆರೆದ ಮೇಲೆ. ತನ್ನ ಕಷ್ಟವನ್ನು ಒಳ್ಳೆಯದೆನ್ನುವ ಹಕ್ಕು ಪಟ್ಟವನದು, ನೆರೆಯವನ ಕಷ್ಟಕ್ಕೆ ಉತ್ತರ ಧಾನ್ಯ, ಔಷಧ, ಪ್ರಾರ್ಥನೆ ಎಂಬ ಈ ವಿಂಗಡಣೆಯನ್ನು ಯಾವ ಆಚಾರ್ಯರೂ ಸೂತ್ರವಾಗಿ ಬರೆದಿಡಲಿಲ್ಲ. ಹಾಡು ಮತ್ತು ಕಥೆಗಳೇ ಅದನ್ನು ಕಾಪಾಡಿಕೊಂಡು ಬಂದವು.

ಈ ಅಧ್ಯಯನ ಮುಂದೆ ಹೋಗಬೇಕಾದದ್ದು ನಮಗೆ ಹತ್ತಿರದ ಕಾಲಕ್ಕೆ. 1876ರಿಂದ 1878ರವರೆಗಿನ ಧಾತು ಈಶ್ವರದ ಬರ ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಬದುಕುಳಿದವರ ಮನೆಗಳಲ್ಲಿ ಯಾವ ಹಾಡುಗಳು ದಿನವೂ ಕೇಳಿದವು, ಕನಕದಾಸರ ಸಮಾಧಾನವೋ ಪುರಂದರದಾಸರ ಜಗಳವೋ, ಎಂಬುದಕ್ಕೆ ಸಾಕ್ಷಿ ಅಚ್ಚಾದ ಸಂಪುಟಗಳಲ್ಲಿ ಸಿಗುವುದಿಲ್ಲ. ಅದು ಇರುವುದು ಹೆಂಗಸರು ಕೈಯಲ್ಲಿ ಬರೆದಿಟ್ಟುಕೊಂಡ ಹಾಡಿನ ಪುಸ್ತಕಗಳಲ್ಲಿ. ಅಂಥ ಹಳೆಯ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ರದ್ದಿಗೆ ಹಾಕಬೇಡಿ. ಬರೆದವರ ಹೆಸರು, ಊರು, ಸಂವತ್ಸರ ಗೊತ್ತಿದ್ದಷ್ಟನ್ನು ಅದರ ಮೊದಲ ಹಾಳೆಯಲ್ಲಿ ಗುರುತು ಮಾಡಿ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತೋರಿಸಿ.