ನಾಯಿಗಳ ಮೂತ್ರಾಂಗ–ಜನನಾಂಗ ಗಾಯಗಳು

ಹೊರಗಿನ ಪೆಟ್ಟಿನಿಂದ ನಾಯಿಯ ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶ, ಮೂತ್ರವಿಸರ್ಜನಾ ನಾಳ ಅಥವಾ ಜನನಾಂಗಗಳಿಗೆ ಆಗುವ ಹಾನಿ.

ಕಾರಣ: ವಾಹನ ಅಪಘಾತ, ಕಚ್ಚಾಟ, ಎತ್ತರದಿಂದ ಬೀಳುವಿಕೆ, ಸೊಂಟದ ಎಲುಬಿನ ಮುರಿತ. ಗಂಡುನಾಯಿಯಲ್ಲಿ ಶಿಶ್ನದೊಳಗಿನ ಎಲುಬೂ ಮುರಿಯಬಹುದು.

ಲಕ್ಷಣ: ರಕ್ತಮೂತ್ರ, ಮೂತ್ರ ಕಟ್ಟುವಿಕೆ, ಹೊಟ್ಟೆನೋವು, ವಾಂತಿ. ಮೂತ್ರಕೋಶ ಒಡೆದಿದ್ದರೂ ಕೆಲವು ನಾಯಿಗಳು ಮೂತ್ರ ವಿಸರ್ಜಿಸಬಲ್ಲವು.

ಪತ್ತೆ: ಹೊಟ್ಟೆಯಲ್ಲಿ ಸೇರಿದ ದ್ರವದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ರಕ್ತದಲ್ಲಿರುವುದರ 2 ಪಟ್ಟು ಮೀರಿದರೆ ಅದು ಮೂತ್ರ ಸೋರಿಕೆಯ ಸೂಚನೆ. ಸೋರುವ ಜಾಗವನ್ನು ಕಾಂಟ್ರಾಸ್ಟ್ ಎಕ್ಸ್-ರೇ ತೋರಿಸುತ್ತದೆ.

ಚಿಕಿತ್ಸೆ: ರಕ್ತನಾಳದ ಮೂಲಕ ದ್ರವ ನೀಡಿ, ರಕ್ತದಲ್ಲಿ ಏರಿದ ಪೊಟ್ಯಾಸಿಯಂ ಇಳಿಸಿ, ಕ್ಯಾಥೆಟರ್‌ನಿಂದ ಮೂತ್ರ ಹೊರತೆಗೆದು ಪ್ರಾಣಿಯನ್ನು ಸ್ಥಿರಗೊಳಿಸಿದ ನಂತರವೇ ಶಸ್ತ್ರಚಿಕಿತ್ಸೆ. ಒಡೆದ ಮೂತ್ರಕೋಶವನ್ನು ಕರಗುವ ದಾರದಿಂದ ಹೊಲಿಯಲಾಗುತ್ತದೆ. ವಿಸರ್ಜನಾ ನಾಳದ ಭಾಗಶಃ ಹರುಕು ಕ್ಯಾಥೆಟರ್ ಉಳಿಸಿದರೆ ಮಾಯಬಲ್ಲದು. ಮುಂದೆ ನಾಳ ಕಿರಿದಾಗುವ ಸಂಭವವಿದೆ. ಸರಿಪಡಿಸಲಾಗದಷ್ಟು ಜಖಂಗೊಂಡ ಒಂದು ಮೂತ್ರಪಿಂಡವನ್ನು, ಇನ್ನೊಂದು ಸುಸ್ಥಿತಿಯಲ್ಲಿದ್ದರೆ, ತೆಗೆಯಲಾಗುತ್ತದೆ. ವೃಷಣಚೀಲದ ತೀವ್ರ ಗಾಯಕ್ಕೆ ಚೀಲಸಹಿತ ಸಂತಾನಹರಣ ಮಾಡಲಾಗುತ್ತದೆ.

ಸೌಲಭ್ಯ: ಮಹಾರಾಷ್ಟ್ರ–ಕರ್ನಾಟಕ ಗಡಿಭಾಗದ ನಿಲಂಗಾ, ಉಮರ್ಗಾ ಪಟ್ಟಣಗಳ ಸಮೀಪ ಉದಗೀರ ಮತ್ತು ಬೀದರಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಉದಗೀರದ ಕಾಲೇಜು ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಬೀದರದ್ದು ಅಲ್ಲಿಯೇ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಸೇರಿವೆ.