ನಿಂತಾಗ ಬಿಸಿ, ಓಡಿದಾಗ ತಂಪು: ಹಳೆಯ ಕಾರಿನ ಈ ಲಕ್ಷಣ ಏನು ಹೇಳುತ್ತದೆ?

ಬೇಸಿಗೆ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಕಾರಿಗೂ ಮನೆಮದ್ದುಗಳು ಹರಿದಾಡತೊಡಗುತ್ತವೆ. "ಗಾಡಿ ಹೀಟ್ ಆಗ್ತಿದ್ದರೆ ಥರ್ಮೋಸ್ಟಾಟ್ ಕಿತ್ತು ಎಸೆಯಿರಿ", "ಕೂಲಂಟ್ ಎಲ್ಲ ಕಂಪನಿಗಳ ಆಟ, ನಲ್ಲಿ ನೀರೇ ಸಾಕು", "ಮುಳ್ಳು ಕೆಂಪಿಗೆ ಬಂದ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ". ಇವುಗಳಲ್ಲಿ ಮೊದಲನೆಯದು ದುಡ್ಡು ದಂಡ, ಎರಡನೆಯದು ಅರೆಸತ್ಯ, ಮೂರನೆಯದು ಕೈ ಮುಖ ಸುಡುವ ಸಲಹೆ.

ಈ ಯಾವ ಸಂದೇಶವೂ ಕೇಳದ ಒಂದು ಪ್ರಶ್ನೆ ಇದೆ: ಗಾಡಿ ಬಿಸಿಯಾಗುವುದು ಯಾವಾಗ? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ಪತ್ತೆಯಾದಂತೆ.

ಗೇಟಿನಲ್ಲಿ ಬಿಸಿ, ಖಾನಾಪುರ ರಸ್ತೆಯಲ್ಲಿ ತಂಪು

ಬೆಳಗಾವಿಯ ಅನಗೋಳವನ್ನೇ ತೆಗೆದುಕೊಳ್ಳೋಣ. ನಾಲ್ಕನೇ ರೈಲ್ವೆ ಗೇಟ್ ಬಿದ್ದರೆ ಎರಡೂ ಕಡೆ ವಾಹನಗಳ ಸಾಲು. ಉದ್ಯಮಬಾಗದ ಪಾಳಿ ಬಿಡುವ ಹೊತ್ತಾದರಂತೂ ಒಂದನೇ ಗೇರಿನಲ್ಲೇ ತೆವಳಬೇಕು. ಹಳೆಯ ಕಾರು ಇಟ್ಟುಕೊಂಡವರ ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ಗೇಟ್ ಹತ್ರ ನಿಂತ್ರ ಗರಂ ಆಗತೈತಿ, ಖಾನಾಪುರ ರೋಡ್ ಹಿಡದ್ರ ಮುಳ್ಳ ಕೆಳಗ ಇಳೀತೈತಿ."

ಈ ಒಂದು ಮಾತಿನಲ್ಲಿ ದೊಡ್ಡ ಸುಳಿವಿದೆ. ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲಂಟ್‌ಗೆ ಶಾಖವಾಗಿ ಸೇರುತ್ತದೆ. ವಾಟರ್ ಪಂಪ್ ಆ ಬಿಸಿ ಕೂಲಂಟನ್ನು ರೇಡಿಯೇಟರ್‌ಗೆ ತಳ್ಳುತ್ತದೆ, ಅಲ್ಲಿ ಗಾಳಿ ಅದನ್ನು ತಣಿಸುತ್ತದೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿ ತಾನಾಗಿಯೇ ಒಳನುಗ್ಗುತ್ತದೆ. ನಿಂತಾಗ ಆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ.

ಹಾಗಾಗಿ:

- ನಿಂತಾಗ ಬಿಸಿ, ಓಡಿದಾಗ ತಂಪು: ಮೊದಲ ಅನುಮಾನ ಗಾಳಿಯ ಮೇಲೆ. ಫ್ಯಾನ್, ಅದರ ಫ್ಯೂಸ್, ರಿಲೇ, ಸೆನ್ಸರ್ ಅಥವಾ ರೇಡಿಯೇಟರ್ ಮುಂದೆ ಕಟ್ಟಿಕೊಂಡ ಕಸ.
- ವೇಗವಾಗಿ ಓಡುವಾಗ ಬಿಸಿ: ಅನುಮಾನ ಕೂಲಂಟ್ ಹರಿವಿನ ಮೇಲೆ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್.
- ಯಾವಾಗಲೂ ಬಿಸಿ, ಕೂಲಂಟ್ ಪದೇ ಪದೇ ಕಡಿಮೆ: ಸೋರಿಕೆ ಅಥವಾ ಹೆಡ್ ಗ್ಯಾಸ್ಕೆಟ್.

ಇದು ನೂರಕ್ಕೆ ನೂರು ನಿಯಮವಲ್ಲ. ವಾಟರ್ ಪಂಪ್ ಸವೆದಿದ್ದರೆ ಅಥವಾ ಬೆಲ್ಟ್ ಜಾರುತ್ತಿದ್ದರೆ ಕೂಡ ಐಡಲ್‌ನಲ್ಲಿ ಬಿಸಿ ಏರಬಹುದು. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದನ್ನು ಇದು ಹೇಳುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

1. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ, ಕೂಲಂಟ್ ಮಟ್ಟ ನೋಡಿ. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು ಹಿಡಿಯುತ್ತಿದೆ ಎಂದರ್ಥ.

2. ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಮುಚ್ಚಿದ ಶೆಡ್‌ನಲ್ಲಿ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಕುತ್ತು. ಮಾರುತಿ 800ರಂಥ ಎಲೆಕ್ಟ್ರಿಕ್ ಫ್ಯಾನ್ ಇರುವ ಕಾರುಗಳಲ್ಲಿ ಕೂಲಂಟ್ ಸುಮಾರು 95ರಿಂದ 100 ಡಿಗ್ರಿ ತಲುಪಿದಾಗ ಫ್ಯಾನ್ ತಾನಾಗಿ ಶುರುವಾಗಬೇಕು. ಮುಳ್ಳು ಅರ್ಧ ದಾಟಿ ಮೇಲೇರುತ್ತಿದ್ದರೂ ಫ್ಯಾನ್ ಸುಮ್ಮನಿದ್ದರೆ ಎಂಜಿನ್ ಬಂದ್ ಮಾಡಿ. ತಪ್ಪು ಯಾವ ಕಡೆಯಿದೆ ಎಂಬುದು ಗೊತ್ತಾಯಿತು.

3. ಎಂಜಿನ್ ತಣಿದ ಮೇಲೆ ಮತ್ತೆ ಚಾಲೂ ಮಾಡಿ ಎಸಿ ಹಾಕಿ. ಬಹಳಷ್ಟು ಕಾರುಗಳಲ್ಲಿ ಎಸಿ ಜೊತೆ ರೇಡಿಯೇಟರ್ ಫ್ಯಾನೂ ತಿರುಗುತ್ತದೆ. ಎಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ, ತೊಂದರೆ ಸೆನ್ಸರ್ ಅಥವಾ ವೈರಿಂಗ್‌ನಲ್ಲಿದೆ. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರ್ ನೋಡಬೇಕು. ಕೆಲವು ಕಾರುಗಳಲ್ಲಿ ಎಸಿಗೆ ಬೇರೆ ಫ್ಯಾನ್ ಇರುತ್ತದೆ, ಯಾವುದು ತಿರುಗುತ್ತಿದೆ ಎಂದು ಗಮನಿಸಿ.

4. ಫ್ಯಾನ್ ತಿರುಗುತ್ತಿದೆಯೇ? ಹಾಗಾದರೆ ಮುಂಭಾಗದ ಗ್ರಿಲ್ ಹತ್ತಿರ ಒಂದು ಕಾಗದದ ಹಾಳೆ ಹಿಡಿಯಿರಿ. ರೇಡಿಯೇಟರ್ ಹಿಂದೆ ಫ್ಯಾನ್ ಇರುವ ಕಾರುಗಳಲ್ಲಿ ಗಾಳಿ ಒಳಗೆ ಎಳೆದು ಹಾಳೆ ಗ್ರಿಲ್‌ಗೆ ಅಂಟಬೇಕು. ಅಂಟದಿದ್ದರೆ ಮೋಟರ್ ಸೊರಗಿದೆ ಅಥವಾ ದಾರಿಯಲ್ಲಿ ಕಸವಿದೆ. ಹಾಳೆಯನ್ನು ಹೊರಗೆ ತಳ್ಳುತ್ತಿದ್ದರೆ ಹೊಸ ಮೋಟರ್ ಹಾಕುವಾಗ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ.

5. ಟಾರ್ಚ್ ಹಾಕಿ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವಿನ ಸಂದಿ ನೋಡಿ. ಕೆಂಪು ಧೂಳು, ಹುಳಹುಪ್ಪಟೆ, ಕಬ್ಬಿನ ಹಂಗಾಮಿನಲ್ಲಿ ರವದಿಯ ಚೂರು ಅಲ್ಲಿ ಕೂತು ಗಾಳಿ ತಡೆಯುತ್ತವೆ. ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳ್ಳಗಿನ ಹಾಳೆಗಳು ಮಡಚಿಕೊಳ್ಳುತ್ತವೆ.

ಹಳೆಯ ಜೀಪ್, ಅಂಬಾಸಿಡರ್‌ಗಳ ಫ್ಯಾನ್ ಎಂಜಿನ್ನಿನಿಂದಲೇ ಬೆಲ್ಟ್ ಮೂಲಕ ತಿರುಗುತ್ತದೆ. ಅಲ್ಲಿ ಬೆಲ್ಟ್ ಬಿಗಿ ನೋಡಬೇಕು. ಕೆಲವು ಡೀಸೆಲ್ ಗಾಡಿಗಳಲ್ಲಿ ಫ್ಯಾನಿಗೆ ವಿಸ್ಕಸ್ ಕ್ಲಚ್ ಇರುತ್ತದೆ. ಎಂಜಿನ್ ಬಂದ್ ಮಾಡಿ, ಕೀ ತೆಗೆದು, ಕೈಯಿಂದ ತಿರುಗಿಸಿದಾಗ ಫ್ಯಾನ್ ತಡೆಯೇ ಇಲ್ಲದೆ ಸುತ್ತು ಹೊಡೆದರೆ ಕ್ಲಚ್ ಹೋಗಿದೆ.

ಒಂದು ಎಚ್ಚರಿಕೆ: ಎಂಜಿನ್ ಬಿಸಿ ಇದ್ದರೆ ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದ ಮೇಲೂ ಥಟ್ಟನೆ ತಿರುಗಬಹುದು. ಕೈ, ಸೀರೆ ಸೆರಗು, ವೇಲ್ ದೂರವಿರಲಿ.

ಸಂದೇಶಗಳಲ್ಲಿ ಎಷ್ಟು ಸತ್ಯ?

"ಥರ್ಮೋಸ್ಟಾಟ್ ಕಿತ್ತುಹಾಕಿ": ತಪ್ಪು. ಮುಚ್ಚಿಕೊಂಡೇ ಕೆಟ್ಟ ಥರ್ಮೋಸ್ಟಾಟ್ ಇದ್ದರೆ ಕಾರು ಹೆದ್ದಾರಿಯಲ್ಲೂ ಬಿಸಿಯಾಗುತ್ತದೆ. ನಿಂತಾಗ ಮಾತ್ರ ಬಿಸಿಯಾಗುವ ಕಾರಿಗೆ ಅದನ್ನು ತೆಗೆದರೆ ಮೂಲ ತೊಂದರೆ ಹಾಗೇ ಉಳಿಯುತ್ತದೆ. ಮೇಲಾಗಿ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗಿ ಇಂಧನವೂ ಸವೆತವೂ ಹೆಚ್ಚುತ್ತವೆ. ಕೆಟ್ಟಿದ್ದರೆ ಬದಲಿಸಿ, ಜಾಗ ಖಾಲಿ ಬಿಡಬೇಡಿ.

"ನೀರೇ ಸಾಕು": ಅರೆಸತ್ಯ. ಶಾಖ ಹೊರುವುದರಲ್ಲಿ ಶುದ್ಧ ನೀರು ಕೂಲಂಟ್ ಮಿಶ್ರಣಕ್ಕಿಂತ ಮುಂದೆಯೇ ಇದೆ. ಆದರೆ ಅದು ತುಕ್ಕು ತಡೆಯುವುದಿಲ್ಲ. ಬೋರ್‌ವೆಲ್ ನೀರಿನ ಗಡಸು ಪಾತ್ರೆಗೆ ಹಿಡಿದಂತೆ ರೇಡಿಯೇಟರ್ ಕೊಳವೆಗೂ ಹಿಡಿಯುತ್ತದೆ. ಜೊತೆಗೆ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ ಬೆರೆಸಿದರೆ ಕುದಿಬಿಂದು ಮೇಲೇರುತ್ತದೆ. ದಾರಿಯಲ್ಲಿ ತುರ್ತಿಗೆ ನೀರು ಹಾಕಿ ಮನೆ ಮುಟ್ಟುವುದು ಸರಿ, ಅದನ್ನೇ ರೂಢಿ ಮಾಡಿಕೊಳ್ಳುವುದು ಬೇಡ.

"ಹೀಟರ್ ಹಾಕಿದರೆ ಎಂಜಿನ್ ತಣಿಯುತ್ತದೆ": ತಮಾಷೆಯಂತೆ ಕೇಳಿದರೂ ನಿಜ. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಒಂದು ಪುಟ್ಟ ರೇಡಿಯೇಟರೇ. ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿದರೆ ಸ್ವಲ್ಪ ಶಾಖ ಹೊರಹೋಗುತ್ತದೆ. ಇದು ಪಕ್ಕಕ್ಕೆ ನಿಲ್ಲಿಸುವವರೆಗಿನ ಉಪಾಯ, ರಿಪೇರಿಯಲ್ಲ. ಮುಳ್ಳು ಮೇಲಿದ್ದರೂ ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಕೂಲಂಟ್ ಕಡಿಮೆಯಾಗಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂಬ ಅನುಮಾನ ಇರಲಿ.

"ಮುಚ್ಚಳ ತೆಗೆದು ತಣ್ಣೀರು ಹಾಕಿ": ಅಪಾಯಕಾರಿ. ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳದ ಹಾಗೆ. ಒಳಗಿನ ಒತ್ತಡ ಸುಮಾರು 1 ಬಾರ್‌ನಷ್ಟು ಹೆಚ್ಚಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡು ತೆರೆದರೂ ರಕ್ಷಣೆಯಿಲ್ಲ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಹೆಡ್ ಬಿರುಕು ಬಿಡುವ ಭಯವೂ ಇದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ

ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಆವಿ ಬರುತ್ತಿದ್ದರೆ ಬಾನೆಟ್ ತೆರೆಯಲೂ ಅವಸರ ಬೇಡ. ಮೇಲಿನ ಹೋಸ್ ಮುಟ್ಟುವಷ್ಟು ತಣ್ಣಗಾಗಿ, ಹಿಸುಕಿದರೆ ಮೆತ್ತಗಿದ್ದಾಗ ಮಾತ್ರ ಮುಚ್ಚಳ ತೆಗೆಯಿರಿ.

"ಇನ್ನು ಎರಡೇ ಕಿಲೋಮೀಟರ್" ಎಂದು ಓಡಿಸುವುದೇ ದುಬಾರಿ ತಪ್ಪು. ಒಂದು ಫ್ಯೂಸ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು ಎಂಜಿನ್ ಬಿಚ್ಚುವ ಹಂತ ಮುಟ್ಟುತ್ತದೆ. ಸೈಲೆನ್ಸರ್‌ನಿಂದ ಎಡೆಬಿಡದೆ ಬಿಳಿ ಹೊಗೆ, ಹಾಲು ಬೆರೆತಂಥ ಎಂಜಿನ್ ಆಯಿಲ್, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಕಂಡರೆ ಮತ್ತೆ ಚಾಲೂ ಮಾಡದೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ.

ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಜಾಂಬೋಟಿ ಮೇಲೆ ಬೆಳಗಾವಿಗೆ ಬರುವವರಿಗೆ ಇದು ಇನ್ನೂ ಮುಖ್ಯ. ಏರಿನಲ್ಲಿ ಎಂಜಿನ್ ಮೇಲೆ ಹೊರೆ ಹೆಚ್ಚು, ವೇಗ ಕಡಿಮೆ, ಎದುರುಗಾಳಿಯೂ ಕಡಿಮೆ. ಅನಗೋಳದ ಗೇಟಿನಲ್ಲಿ ಸ್ವಲ್ಪವೇ ಮೇಲೇರುವ ಮುಳ್ಳು ಘಾಟಿನಲ್ಲಿ ಕೆಂಪು ಮುಟ್ಟಬಹುದು. ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ಹೊರಡುವ ಮೊದಲು ಫ್ಯಾನ್ ಪರೀಕ್ಷೆ ಮುಗಿಸಿಕೊಳ್ಳಿ.

ಯಾರಿಗಾದರೂ ಬಿಸಿ ಕೂಲಂಟ್ ಸಿಡಿದರೆ, ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಮುಖ ಅಥವಾ ಕಣ್ಣಿಗೆ ತಗುಲಿದ್ದರೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ.

ಮೆಕ್ಯಾನಿಕ್ ಹತ್ತಿರ ಹೇಗೆ ಹೇಳಬೇಕು?

"ಗಾಡಿ ಹೀಟ್ ಆಗುತ್ತೆ" ಎಂದಷ್ಟೇ ಹೇಳಿದರೆ ರೇಡಿಯೇಟರ್, ಥರ್ಮೋಸ್ಟಾಟ್, ಪಂಪ್ ಒಂದೊಂದಾಗಿ ಬದಲಾಗುತ್ತಾ ಬಿಲ್ ಬೆಳೆಯಬಹುದು. ಬದಲಿಗೆ ಹೀಗೆ ಹೇಳಿ: "ನಿಂತಾಗ ಮಾತ್ರ ಏರುತ್ತೆ, ಓಡಿದರೆ ಇಳಿಯುತ್ತೆ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತೆ, ಬಿಸಿಗೆ ತಿರುಗಲ್ಲ. ಕೂಲಂಟ್ ಕಡಿಮೆಯಾಗಿಲ್ಲ." ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ನೇರ ಸೆನ್ಸರ್‌ಗೆ ಕೈ ಹಾಕುತ್ತಾರೆ.

ನಿಮ್ಮ ಗುಂಪಿನಲ್ಲಿ ಮುಚ್ಚಳ ತೆಗೆಯುವ ಸಂದೇಶ ಬಂದರೆ ಅದನ್ನು ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ಕಳಿಸಿ.