ಧ್ವನಿಯ ಏರಿಳಿತ

ಬೀದರ ನಗರಕ್ಕೆ ಸಮೀಪದ ಕಮಠಾಣವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ರಾಜಧಾನಿಯ ಡೆಕ್ಕನ್ ರೇಡಿಯೋ ಪ್ರಧಾನವಾಗಿ ಉರ್ದುವಿನಲ್ಲಿ ನುಡಿಯುತ್ತಿದ್ದಿತು. ಈ ಸೀಮೆಯ ಕನ್ನಡಿಗರಿಗೆ ಹತ್ತಿರದ ಕನ್ನಡ ನಿಲಯವೊಂದು ದೊರೆತುದು ಏಕೀಕರಣವಾಗಿ ಹತ್ತು ವರ್ಷ ಕಳೆದ ಮೇಲೆ, 1966ರಲ್ಲಿ ಕಲಬುರ್ಗಿಯ ಆಕಾಶವಾಣಿ ಆರಂಭವಾದಾಗ.

ಇಂತಹ ನಿಲಯಗಳ ಮಧ್ಯಮ ತರಂಗದ ಪ್ರಸಾರದಲ್ಲಿ ಗಾಯಕನ ತಾರಸ್ವರವು ವಾಹಕ ತರಂಗದ ಮಿತಿಯನ್ನು ಮೀರಿದರೆ ಧ್ವನಿ ಒಡೆದು ವಿಕಾರವಾಗುವುದರಿಂದಲೂ, ತಂಬೂರಿಯ ಮಂದ್ರನಾದವು ತೀರ ಕ್ಷೀಣವಾದರೆ ದೂರದ ಹಳ್ಳಿಯ ರೇಡಿಯೋದ ಕರಕರ ಶಬ್ದದಲ್ಲಿ ಅಡಗಿಹೋಗುವುದರಿಂದಲೂ, ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು ಗುಂಡಿ ತಿರುಗಿಸುವ ಕೈಯೊಂದು ಅಲ್ಲಿ ಅವಶ್ಯವಾಗಿದ್ದಿತು; ಬರಬರುತ್ತ ಆ ಕಾರ್ಯದ ಬಹುಪಾಲನ್ನು ಲಿಮಿಟರ್, ಕಂಪ್ರೆಸರ್ ಎಂಬ ಯಂತ್ರಗಳು ವಹಿಸಿಕೊಂಡವು. ಆ ಕೈಯ ವಿವೇಕವೇ ಮಿಗಿಲೆಂದು ನನ್ನ ಎಣಿಕೆ. ರಾಗವನ್ನರಿತವನು ಏರಲಿರುವ ಸ್ವರವನ್ನು ಮುಂಚಿತವಾಗಿಯೇ ಊಹಿಸಬಲ್ಲನು.

ಗಣಕದ ಪ್ಲೇಯರುಗಳ ಕಾಲಕ್ಕೆ ಸಮಸ್ಯೆಯೇ ಬೇರೆಯಾಯಿತು: ಹಳೆಯ ಧ್ವನಿಮುದ್ರಣದ ಪಕ್ಕದಲ್ಲಿಯೇ ಅಬ್ಬರದ ಹೊಸ ಚಿತ್ರಗೀತೆ. 2001ರಲ್ಲಿ ಡೇವಿಡ್ ರಾಬಿನ್ಸನ್ ಮಂಡಿಸಿದ ರಿಪ್ಲೇಗೇನ್ ಕ್ರಮವು ಹಾಡನ್ನು ಮೊದಲೇ ಪೂರ್ತಿಯಾಗಿ ಅಳೆದು, ಕಿವಿಗೆ ತೋರುವ ಅದರ ಗಟ್ಟಿತನಕ್ಕೆ ಅನುಸಾರವಾದ ತಿದ್ದುಪಡಿಯನ್ನು ಕಡತದಲ್ಲಿಯೇ ಬರೆದಿಟ್ಟು, ನುಡಿಸುವಾಗ ಇಡೀ ಹಾಡನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತದೆ ಇಲ್ಲವೆ ಇಳಿಸುತ್ತದೆ. ಕಂಪ್ರೆಸರಿನಂತೆ ಅದು ಹಾಡಿನೊಳಗಿನ ಮೆಲುದನಿ-ಗಟ್ಟಿದನಿಗಳ ಅಂತರವನ್ನು ಕುಗ್ಗಿಸುವುದಿಲ್ಲ. ಕಮಠಾಣದ ಮನೆಯೊಂದರಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಮುಗಿದು ಮುಂದಿನ ಹಾಡು ಮೊದಲಾದಾಗ, ಕೇಳುವವರು ಬೆಚ್ಚಿಬಿದ್ದು ಗುಂಡಿಗೆ ಕೈಹಾಕುವ ಪ್ರಮೇಯ ಈ ಕ್ರಮವಿದ್ದರೆ ಒದಗದು. ಮನ್ಸೂರರ ಮೆಲುದನಿಯೂ ಮೆಲುದನಿಯಾಗಿಯೇ ಉಳಿದಿರುತ್ತದೆ.